ಒಂದು ಗೇಣು

ಈ ಕಟ್ಟಡದಲ್ಲಿ ಲಿಫ್ಟಿಗೂ ಹಸಿವು.
ಹತ್ತು ತೆತ್ರಿಯ ನಾಣ್ಯ ನುಂಗಿದರೇ ಮೇಲೇಳುತ್ತದೆ.
ನಾನೂ ಮೇಜೂ ಒಟ್ಟಿಗೆ ಹಿಡಿಸಲಿಲ್ಲ ಅದರ ಹೊಟ್ಟೆಗೆ,
ಮೇಜು ಲಿಫ್ಟಿನಲ್ಲಿ ಹೋಯಿತು,
ನಾನು ಎಂಟು ಮಹಡಿ ಹತ್ತಿದೆ.
ಬಾಗಿಲೆಳೆದರೆ ಒಳಗೆ ನಾಲ್ಕು ಕಾಲೂರಿ
ತಡವಾಯಿತೇಕೆ ಎನ್ನುವಂತೆ ನಿಂತಿತ್ತು.

ಟಿಬಿಲಿಸಿಯ ಒಣಸೇತುವೆಯ ಸಂತೆಯಲ್ಲಿ
ಹದಿನೆಂಟು ಲರಿ ಹೇಳಿದ್ದ ಅದಕ್ಕೆ.
"ಒಂದು ಕಾಲು ಕುಂಟು," ಎಂದ, ಪ್ರಾಮಾಣಿಕ.
"ನನ್ನದೂ," ಎಂದೆ.
ಎರಡು ಲರಿ ಇಳಿಸಿದ.

ಐವತ್ತೆರಡಕ್ಕೆ ಗಂಡನ ಮನೆ ಬಿಟ್ಟವಳು
ತಂದದ್ದು ಹೊಲಿಗೆಯಂತ್ರ, ಕತ್ತರಿ, ಒಂದು ಬಾಣಲೆ.
ಮಿಕ್ಕ ಮನೆಯನ್ನೆಲ್ಲ ಮೊದಲು ಲೆಕ್ಕದ ಪುಸ್ತಕದಲ್ಲೇ ಕಟ್ಟಿದೆ:
ಪರದೆ, ಅಂಗಡಿಯಲ್ಲುಳಿದ ಕೋಟಿನ ಅಸ್ತರಿನದು, ಸೊನ್ನೆ.
ದೀಪಕ್ಕೆ ಹಳೇ ಜರಡಿಯ ಟೋಪಿ, ಒಂದು ಲರಿ.
(ಸಂಜೆಯಾದರೆ ಚಾವಣಿಯ ತುಂಬ ಚುಕ್ಕಿ,
ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.)
ಕುರ್ಚಿ ಎರಡು ಸಾಕು. ಮೂರನೆಯವರು ಬಂದರೆ
ಹಾಸಿಗೆಯ ಮೇಲೆ ಕೂರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ನನ್ನದು ಯಾರೋ ಉದ್ದನೆಯವನ ಮಂಚ,
ಎಷ್ಟು ಚಾಚಿದರೂ ಒಂದು ಗೇಣು ಮಿಗುತ್ತದೆ.
ಅಲ್ಲಿ ಇಸ್ತ್ರಿಯ ಬಟ್ಟೆ ಪೇರಿಸಿಡುತ್ತೇನೆ.

ಇಷ್ಟೆಲ್ಲ ಆದರೂ ಆ ಗೋಡೆ.

ಬಿಸಿಲಿಗೆ ಬಣ್ಣ ಬಿಟ್ಟ ವಾಲ್‌ಪೇಪರಿನ ನಡುವೆ
ಆಳುದ್ದದ ಒಂದು ಆಯತ ಮಾತ್ರ ಇನ್ನೂ ಹಸಿರು.
ಬಣ್ಣ ಬಳಿಯಲು ನೂರೈವತ್ತು ಕೇಳಿದರು.
ಕಪಾಟು ಸರಿಸಿ ಮುಚ್ಚೋಣವೆಂದರೆ
ಕಪಾಟೇ ಇಲ್ಲ.
ಮಗಳು ನಾತಿಯಾ ಕೇಕು ಹಿಡಿದು ಬಂದಳು, ನೋಡಿದಳು:
"ಅಮ್ಮಾ, ಈಗಷ್ಟೇ ಯಾರೋ ಎದ್ದು ಹೋದಂತಿದೆ ಅಲ್ಲಿ."

ಕೆಳಮನೆಯ ಲಮಾರಾ ಉಪ್ಪು ಕೇಳಲು ಬಂದವಳು
ಉಪ್ಪು ಮರೆತು ಗೋಡೆ ಸವರಿದಳು.
"ಮೇದೇಯಾಳ ರತ್ನಗಂಬಳಿ. ಕಡುಗೆಂಪು, ಅಂಚಿಗೆಲ್ಲ ಜಿಂಕೆ.
ಆ ಚಳಿಗಾಲ ಕರೆಂಟಿಲ್ಲ, ಗ್ಯಾಸಿಲ್ಲ,
ಬ್ರೆಡ್ಡಿಗೆ ನಸುಕಿನ ನಾಲ್ಕರಿಂದ ಸಾಲು.
ಎರಡು ಮೂಟೆ ಹಿಟ್ಟಿಗೆ, ಒಂದು ಸೀಮೆಎಣ್ಣೆ ಸ್ಟೋವಿಗೆ
ಸುತ್ತಿ ಹೆಗಲಿಗೇರಿಸಿ ಮೆಟ್ಟಿಲಿಳಿದಳು.
ಲಿಫ್ಟು ಆಗ ಪುಕ್ಕಟೆ, ಆದರೆ ಸತ್ತಿತ್ತು.
ಆಮೇಲೆ ಅದೇ ಅಳತೆಗೊಂದು ದುಪ್ಪಟಿ ತೂಗಿಹಾಕಿದಳು,
ಕೊನೇ ತನಕ ತೆಗೆಯಲಿಲ್ಲ.
ಆ ಹಿಟ್ಟಿನಲ್ಲಿ ನಾನೂ ತಿಂದಿದ್ದೇನೆ.
ಎಂಟು ರೊಟ್ಟಿ. ಎಣಿಸಿದ್ದೆ."

ಪುಸ್ತಕದಲ್ಲಿ ಹೊಸ ಸಾಲು: ಕಂಬಳಿ.
ಬೆಲೆಯ ಜಾಗ ಖಾಲಿ ಬಿಟ್ಟೆ.

ದರ್ಜಿಯ ಬುಟ್ಟಿ ಎಂದರೆ
ಯಾರಿಗೋ ಉದ್ದವಾದದ್ದೆಲ್ಲ ಬಂದು ಬೀಳುವ ಜಾಗ.
ಪೊಲೀಸನ ಪ್ಯಾಂಟಿನ ಕೆಳಗಿನ ನಾಲ್ಕು ಬೆರಳು,
ಅಕ್ಕನಿಂದ ತಂಗಿಗಿಳಿದ ಶಾಲೆಯ ಕೋಟಿನ ತೋಳು,
ಮದುಮಗಳೊಬ್ಬಳು ಎಡವಬಾರದೆಂದು ಕತ್ತರಿಸಿದ ಸ್ಯಾಟಿನ್ನು.
ಡಿಸೆಂಬರಿನಿಂದ ಮಾರ್ಚಿನ ತನಕ ಹೊಲಿದೆ,
ರಾತ್ರಿ, ಜರಡಿಯ ಚುಕ್ಕಿಗಳ ಕೆಳಗೆ.
ಜಿಂಕೆ ಮಾತ್ರ ಕೈಗೆ ಬರಲಿಲ್ಲ.
"ನಾಯಿ ಇದು," ಎಂದಳು ಲಮಾರಾ. "ಇರಲಿ, ಕಾವಲಿಗಾಯಿತು."

ಮೊಳೆ ಹೊಡೆದು ತೂಗಿದ ದಿನ ತಿಳಿಯಿತು.
ಮೂವತ್ತು ವರ್ಷ ಊರಿನ ಸೊಂಟ ಅಳೆದವಳು,
ಎರಡೆರಡು ಸಲ ಟೇಪು ಹಿಡಿದವಳು,
ಕೆಳಗೆ ಒಂದು ಗೇಣು ಕಡಿಮೆ ಹೊಲಿದಿದ್ದೆ.
ಹಸಿರು ಇಣುಕುತ್ತಿದೆ
ಲಂಗದಡಿಯ ಒಳಲಂಗದ ಹಾಗೆ.

ಜೋಡಿಸಿಬಿಡು ಎನ್ನುತ್ತಾಳೆ ನಾತಿಯಾ.
ಬುಟ್ಟಿಯಲ್ಲಿ ಬಟ್ಟೆಯೇನೋ ಇದೆ.
ನೋಡೋಣ.

ಭಾನುವಾರ ಊಟಕ್ಕೆ ಮೂವರು ಬರುತ್ತಾರೆ.
ಮೇಜಿನ ಕುಂಟುಕಾಲಿಗೆ ರಟ್ಟು ಮಡಚಿಟ್ಟಿದ್ದೇನೆ,
ಲಮಾರಾ ಬಿಟ್ಟುಹೋದ ಉಪ್ಪು ಪೊಟ್ಟಣದಲ್ಲೇ ಇದೆ.
ಕೆಳಗೆ ನಿಂತು ಒಮ್ಮೆ ಕೂಗಿ, ಸಾಕು,
ಲಿಫ್ಟಿನ ನಾಣ್ಯವನ್ನು ಹಳೇ ಕಾಲುಚೀಲದಲ್ಲಿ ಗಂಟುಕಟ್ಟಿ
ಎಂಟನೇ ಕಿಟಕಿಯಿಂದ ಎಸೆಯುತ್ತೇನೆ.
ತಲೆ ಜೋಪಾನ.